ಕೊಳದ ಬಾಗಿಲಿಗೆ ಕುರ್ಚಿ ಬೇಡ

ಸಿಡ್ನಿಗೆ ಬೇಸಿಗೆ ಬಂತೆಂದರೆ ನಮ್ಮ ಕನ್ನಡ ಬಳಗದ ಊಟದ ಕೂಟಗಳೆಲ್ಲ ಹಿತ್ತಿಲಿಗೆ ಸಾಗುತ್ತವೆ. ಈಜುಕೊಳವಿರುವ ಮನೆಯಾದರೆ ಮಕ್ಕಳಿಗೆ ಬಿಸಿಬೇಳೆ ಭಾತೂ ಬೇಡ, ನೀರೊಂದಿದ್ದರೆ ಸಾಕು. ಇಂಥ ಕೂಟಗಳಲ್ಲಿ ಒಂದು ದೃಶ್ಯ ನನ್ನ ಕಣ್ಣಿಗೆ ಮತ್ತೆ ಮತ್ತೆ ಬಿದ್ದಿದೆ. ತಟ್ಟೆ ಲೋಟ ಹಿಡಿದು ಓಡಾಡುವವರಿಗೆ ಅನುಕೂಲವಾಗಲೆಂದು ಯಾರೋ ಪುಣ್ಯಾತ್ಮರು ಕೊಳದ ಬೇಲಿಯ ಬಾಗಿಲಿಗೆ ಒಂದು ಕುರ್ಚಿಯನ್ನೋ ಎಸ್ಕಿ ಪೆಟ್ಟಿಗೆಯನ್ನೋ ಅಡ್ಡ ಇಟ್ಟಿರುತ್ತಾರೆ.

ನ್ಯೂ ಸೌತ್ ವೇಲ್ಸ್‌ನ 1992ರ ಈಜುಕೊಳ ಕಾಯಿದೆಯ ಜೀವವಿರುವುದೇ ಆ ಬಾಗಿಲಿನಲ್ಲಿ. ಬೇಲಿ 1.2 ಮೀಟರ್ ಎತ್ತರವಿರಬೇಕು, ಅದರಡಿಯ ಸಂದು 10 ಸೆಂಟಿಮೀಟರ್ ಮೀರಬಾರದು ಎಂಬುದೆಲ್ಲ ಸರಿಯೇ. ಆದರೆ ಬಾಗಿಲು ಕೊಳದಿಂದ ಆಚೆಗೆ ತೆರೆದುಕೊಳ್ಳಬೇಕು. ಎಷ್ಟು ತೆರೆದು ಕೈಬಿಟ್ಟರೂ ತಾನಾಗಿ ಮುಚ್ಚಿ, ತಾನಾಗಿ ಚಿಲಕ ಬೀಳಬೇಕು. ಹೊರಗಿನಿಂದ ಮಗು ತಳ್ಳಿದರೆ ಬಾಗಿಲು ಇನ್ನಷ್ಟು ಬಿಗಿಯಾಗುತ್ತದೆಯೇ ಹೊರತು ತೆರೆಯುವುದಿಲ್ಲ. ಯಾರಾದರೂ ಹಾದುಹೋಗುವ ಕ್ಷಣವನ್ನುಳಿದು ಮಿಕ್ಕೆಲ್ಲ ಹೊತ್ತು ಅದು ಮುಚ್ಚಿರಬೇಕೆಂದು ಕಾಯಿದೆಯಲ್ಲೇ ಇದೆ.

ನಾನು ಕೆಲಸ ಮಾಡುವುದು ರಸಾಯನ ಪ್ರಯೋಗಾಲಯದಲ್ಲಿ. ಅಲ್ಲಿ ಮನುಷ್ಯ ಮರೆಯುತ್ತಾನೆಂದು ಮೊದಲೇ ಲೆಕ್ಕ ಹಾಕಿ ಉಪಕರಣ ಮಾಡಿರುತ್ತಾರೆ. ಅಷ್ಟು ದೂರ ಹೋಗುವುದೇಕೆ, ನಮ್ಮ ಕುಕ್ಕರಿನ ಸೇಫ್ಟಿ ವಾಲ್ವ್ ಮಾಡುವ ಕೆಲಸವೂ ಅದೇ. ಅದನ್ನು ಯಾವ ಗೃಹಿಣಿಯೂ ತಂತಿ ಬಿಗಿದು ಕಟ್ಟುವುದಿಲ್ಲ. ಬಾಗಿಲಿಗೆ ಕುರ್ಚಿ ಇಡುವುದು ಅದಕ್ಕಿಂತ ಬೇರೆಯೇನಲ್ಲ.

ಇದನ್ನು ಹೇಳಿದಾಗ ನನಗೆ ಸಿಗುವ ಉತ್ತರ: "ಇಷ್ಟು ಜನ ದೊಡ್ಡವರಿದ್ದೀವಲ್ಲ ಸ್ವಾಮಿ!" ನನಗೆ ಭಯವಾಗುವುದೇ ಅದಕ್ಕೆ. ಇಪ್ಪತ್ತು ಜನರಿದ್ದಾಗ ಉಳಿದ ಹತ್ತೊಂಬತ್ತು ಜನ ನೋಡಿಕೊಳ್ಳುತ್ತಾರೆಂದು ಪ್ರತಿಯೊಬ್ಬರಿಗೂ ಧೈರ್ಯ. ಮುಳುಗುವ ಮಗು ಸಿನಿಮಾದಲ್ಲಿ ತೋರಿಸುವಂತೆ ಕೈಬೀಸಿ ಕೂಗುವುದೂ ಇಲ್ಲ, ಕೂಗುವುದಕ್ಕೆ ಉಸಿರಿರಬೇಕಲ್ಲ? ಮಾತಿನ ಭರಾಟೆಯಲ್ಲಿ ನಮಗೆ ಕೇಳುವಂಥ ಸದ್ದೇ ಆಗದಿರಬಹುದು.

ಕಳೆದ ವರ್ಷ ಊರಿನಿಂದ ಬಂದಿದ್ದ ನಮ್ಮ ತಾಯಿ ಇಲ್ಲಿನ ಬೇಲಿ ನೋಡಿ, "ನಮ್ಮ ಬಾವಿಗೆ ಕಟ್ಟೆ ಇದ್ದ ಹಾಗೆ" ಎಂದರು. ಬಾವಿಕಟ್ಟೆಯ ಪಕ್ಕ ಯಾರಾದರೂ ಬಕೆಟ್ ಬೋರಲು ಹಾಕಿದರೆ ನಮ್ಮಜ್ಜಿ ರೇಗುತ್ತಿದ್ದರಂತೆ, ಮಕ್ಕಳು ಅದರ ಮೇಲೆ ಹತ್ತಿ ಇಣುಕುತ್ತಾರೆಂದು. ಇಲ್ಲಿನ ನಿಯಮವೂ ಅಜ್ಜಿಯದೇ: ಬೇಲಿಯಿಂದ 90 ಸೆಂಟಿಮೀಟರ್ ಒಳಗೆ ಹತ್ತಲಿಕ್ಕಾಗುವ ಕುಂಡ, ಮೇಜು, ಆಟಿಕೆ ಯಾವುದೂ ಇರಕೂಡದು. ಬಾಗಿಲಿಗೆ ಅಡ್ಡವಿಟ್ಟ ಆ ಕುರ್ಚಿಯನ್ನು ತೆಗೆದು ಬೇಲಿಗೆ ಒರಗಿಸಿಟ್ಟರೂ ತಪ್ಪೇ ಎಂದಾಯಿತು.

ಅಂದಹಾಗೆ, ಅಂಗಡಿಯಿಂದ ತಂದು ಗಾಳಿ ತುಂಬುವ ಪ್ಲಾಸ್ಟಿಕ್ ಕೊಳವೂ 30 ಸೆಂಟಿಮೀಟರಿಗಿಂತ ಹೆಚ್ಚು ನೀರು ಹಿಡಿಯುವಂತಿದ್ದರೆ ಅದಕ್ಕೂ ಬೇಲಿ ಬೇಕು. ಅದಕ್ಕಿಂತ ಚಿಕ್ಕದಾದರೆ, ಮಕ್ಕಳು ಎದ್ದ ಕೂಡಲೇ ನೀರು ಚೆಲ್ಲಿ ಬೋರಲು ಹಾಕಿಬಿಡಿ. ಮುಂದಿನ ತಿಂಗಳ ಕೂಟದಲ್ಲಿ ಊಟಕ್ಕೆ ಮೊದಲೇ ಅರ್ಧರ್ಧ ಗಂಟೆಗೆ ಒಬ್ಬರಂತೆ ಕಾವಲಿಗೆ ಹೆಸರು ಬರೆದಿಡೋಣ. ಕಾವಲಿನವರ ಕೈಯಲ್ಲಿ ತಟ್ಟೆ ಇರಬಾರದು. ಮೊದಲ ಸರದಿ ನನ್ನದು. ನನಗೊಂದಿಷ್ಟು ಭಾತು ತೆಗೆದಿಟ್ಟಿರಿ.