ತೊಂಬತ್ತರ ವೇಗದಲ್ಲಿ ನಡುಗಿದ ಕಾರು

ನಂಜನಗೂಡಿನ ಪೇಟೆಯಲ್ಲಿ, ರಥಬೀದಿಯಲ್ಲಿ, ಕಪಿಲೆಯ ಸೇತುವೆಯ ಮೇಲೆ ಓಡಾಡುವಷ್ಟು ಹೊತ್ತು ಆ ಕಾರು ಸಾಧು ಹಸುವಿನಂತೆ ನಡೆಯುತ್ತಿತ್ತು. ಗಂಟೆಗೆ 30, 40, ಹೆಚ್ಚೆಂದರೆ 50 ಕಿಲೋಮೀಟರು. ಅಷ್ಟರಲ್ಲಿ ಬಾಳೆಗೊನೆ ಹೇರಿದ ಗಾಡಿಯೊಂದು ಅಡ್ಡ ಬರುವುದು. ಮೈಸೂರಿನ ಕಡೆಗೆ ಚತುಷ್ಪಥ ರಸ್ತೆಯನ್ನು ಹಿಡಿದು ವೇಗವು 80ನ್ನು ದಾಟಿದೊಡನೆ ಮಾತ್ರ ಸ್ಟಿಯರಿಂಗ್ ಚಕ್ರವು ಅಂಗೈಯಲ್ಲಿ ನಡುಗಲಾರಂಭಿಸುತ್ತಿತ್ತು. 90ರಲ್ಲಿ ಕನ್ನಡಿಯೊಳಗಿನ ಪ್ರತಿಬಿಂಬವೂ ಕದಡುತ್ತಿತ್ತು. 100ರ ಸಮೀಪಕ್ಕೆ ಹೋದರೆ ವಿಚಿತ್ರವೆಂಬಂತೆ ನಡುಕವು ತುಸು ತಗ್ಗುತ್ತಿತ್ತು.

ಕಾರಿನ ಒಡೆಯರು ನಂಜನಗೂಡಿನ ಒಬ್ಬ ಧಾನ್ಯವರ್ತಕರು. ಅರವತ್ತು ದಾಟಿದವರು, ಶ್ರಾವಕಾಚಾರದಲ್ಲಿ ಶ್ರದ್ಧೆಯುಳ್ಳವರು. ತಕ್ಕಡಿಯ ವಿಷಯದಲ್ಲಿ ಅವರ ಅಂಗಡಿಗೆ ಹೆಸರಿತ್ತು. ಹೀನಾಧಿಕಮಾನೋನ್ಮಾನವೆಂಬ ಅತಿಚಾರವು ತಮ್ಮ ಹೊಸ್ತಿಲನ್ನು ದಾಟಿ ಒಳಗೆ ಬರಬಾರದೆಂದು ಅವರು ನಲವತ್ತು ವರ್ಷ ಎಚ್ಚರದಿಂದಿದ್ದರು. 2014ರ ಮಾದರಿಯ ಈ ಸಣ್ಣ ಕಾರನ್ನು ಅವರು 2021ರ ಅಕ್ಟೋಬರಿನಲ್ಲಿ ತಿರುಮಕೂಡಲು ನರಸೀಪುರದ ಒಬ್ಬ ಗೊಬ್ಬರದ ವ್ಯಾಪಾರಿಯಿಂದ ಕೊಂಡರು. ಇಬ್ಬರ ನಡುವೆ ಇಪ್ಪತ್ತು ವರ್ಷಗಳ ಕೊಡುಕೊಳ್ಳುವಿಕೆಯಿತ್ತು. ನಮೂನೆ 29 ಮತ್ತು 30ಕ್ಕೆ ಸಹಿಯಾಯಿತು. ಮೋಟಾರು ವಾಹನ ಕಾಯಿದೆಯು ಮಾರುವವನಿಗೆ ವಿಧಿಸಿರುವ 14 ದಿನಗಳ ಗಡುವಿನೊಳಗೆ ಹಸ್ತಾಂತರದ ವರದಿಯೂ ಹೋಯಿತು. ಕಾಗದಪತ್ರಗಳಲ್ಲಿ ಒಂದು ಅಕ್ಷರದ ಲೋಪವೂ ಇರಲಿಲ್ಲ.

ನಡುಕವು ಮೊದಲು ಅನುಭವಕ್ಕೆ ಬಂದುದು ಡಿಸೆಂಬರಿನಲ್ಲಿ, ಮನೆಮಂದಿಯೊಡನೆ ಶ್ರವಣಬೆಳಗೊಳಕ್ಕೆ ಹೊರಟಾಗ. ಹಿಂದಿನ ಆಸನದಲ್ಲಿ ಮೊಮ್ಮಕ್ಕಳಿದ್ದರು. ವರ್ತಕರು ವೇಗವನ್ನು 60ಕ್ಕೆ ಇಳಿಸಿ ಯಾತ್ರೆಯನ್ನು ಮುಗಿಸಿದರು. ದಾರಿಯುದ್ದಕ್ಕೂ ಅವರ ಮನಸ್ಸು ಚಕ್ರದ ಬಗೆಗಲ್ಲ, ಮಾರಿದವರ ಬಗೆಗೆ ಯೋಚಿಸುತ್ತಿತ್ತು. ಕೊಳ್ಳುವ ಮುನ್ನ ನರಸೀಪುರದ ಬೀದಿಗಳಲ್ಲಷ್ಟೇ ಓಡಿಸಿ ತೋರಿಸಿದ್ದರಲ್ಲವೇ? ಹೆದ್ದಾರಿಗೆ ಏಕೆ ಕರೆದೊಯ್ಯಲಿಲ್ಲ? ಕರೆದೊಯ್ಯಿರೆಂದು ತಾವು ಕೇಳಿರಲಿಲ್ಲವೆಂಬುದು ಆಗ ಅವರಿಗೆ ಹೊಳೆಯಲಿಲ್ಲ.

2022ರ ಫೆಬ್ರವರಿಯಲ್ಲಿ ಮೈಸೂರಿನ ಒಂದು ಮದುವೆಮನೆಯಲ್ಲಿ ಊಟದ ಪಂಕ್ತಿಗೆ ಕಾಯುತ್ತ ಕುಳಿತವರು ಹೊಸ ಕಾರಿನ ವಿಷಯ ಕೇಳಿದರು. ವರ್ತಕರು, "ನರಸೀಪುರದವರು ನನಗೆ ಕಾರನ್ನು ಮಾರಲಿಲ್ಲ, ನಡುಕವನ್ನು ಮಾರಿದರು" ಎಂದರು. ಎಲ್ಲರೂ ನಕ್ಕರು. ಮಾತು ಚೆನ್ನಾಗಿತ್ತು, ಸಪ್ಪೆಯಾಗಿದ್ದಿದ್ದರೆ ಅಲ್ಲಿಯೇ ಉಳಿಯುತ್ತಿತ್ತೇನೋ.

ಮಾರ್ಚಿನಲ್ಲಿ ಅವರು ಕಾರನ್ನು ಊರಿನ ಒಬ್ಬ ಹಳೆಯ ಮೆಕ್ಯಾನಿಕ್ ಬಳಿಗೆ ಒಯ್ದರು. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳ ಕಾಲದಿಂದ ಕೈ ಕಪ್ಪಾದವರು ಅವರು. ವರ್ತಕರು ತಾವೇ ರೋಗನಿರ್ಣಯ ಮಾಡಿಕೊಂಡು ಹೋಗಿದ್ದರು: ಕೆಳಗಿನ ಉದ್ದನೆಯ ಶಾಫ್ಟಿನ ಜಾಯಿಂಟು ಸವೆದಿರಬೇಕು. ಮೆಕ್ಯಾನಿಕ್ ನಕ್ಕರು. ಆ ಹಳೆಯ ಕಾರುಗಳಲ್ಲಿ ಎಂಜಿನ್ನಿನ ಶಕ್ತಿಯು ಉದ್ದನೆಯ ಶಾಫ್ಟಿನ ಮೂಲಕ ಹಿಂದಿನ ಚಕ್ರಗಳಿಗೆ ಹೋಗುತ್ತಿತ್ತು. 1983ರ ಕೊನೆಯಲ್ಲಿ ಮಾರುತಿ 800 ರಸ್ತೆಗಿಳಿದ ಬಳಿಕ ನಮ್ಮ ಸಣ್ಣ ಕಾರುಗಳಲ್ಲಿ ಎಳೆಯುವ ಕೆಲಸ ಮುಂದಿನ ಚಕ್ರಗಳದ್ದಾಯಿತು. ಇಲ್ಲದ ಭಾಗದ ಮೇಲೆ ದೋಷ ಹೊರಿಸಿದರೆ ಹೇಗೆ?

ಆತ ಬಾನೆಟ್ಟನ್ನು ತೆರೆಯಲೇ ಇಲ್ಲ. ನಡುಗುವುದು ಯಾವಾಗ ಎಂಬುದಕ್ಕಿಂತ, ನಡುಗದಿರುವುದು ಯಾವಾಗ ಎಂದು ಕೇಳುವುದು ಅವರ ಪದ್ಧತಿ. ಕಾರನ್ನು ನಿಲ್ಲಿಸಿ ಎಂಜಿನ್ನನ್ನು ಜೋರಾಗಿ ಓಡಿಸಿದಾಗ ನಡುಕವಿಲ್ಲ. ಮೂರನೆಯ ಗೇರಿನಲ್ಲಿ 60ರ ವೇಗದಲ್ಲಿ ಎಂಜಿನ್ ಎಷ್ಟು ಕೂಗಿದರೂ ಇಲ್ಲ. 90ಕ್ಕೆ ಬಂದು, ಹಿಂದೆ ಮುಂದೆ ವಾಹನಗಳಿಲ್ಲದ ಕಡೆ ಕ್ಲಚ್ಚನ್ನು ಒತ್ತಿ ಕಾರನ್ನು ತಾನಾಗಿ ಉರುಳಲು ಬಿಟ್ಟರೆ ನಡುಕವು ಹಾಗೆಯೇ ಉಳಿಯಿತು. ಅಲ್ಲಿಗೆ ಎಂಜಿನ್ ನಿರ್ದೋಷಿ. ಬ್ರೇಕು ತುಳಿದಾಗ ಮಾತ್ರ ಬರುವ ಅದುರಾದರೆ ಡಿಸ್ಕು ಡೊಂಕಾಗಿದೆಯೆಂದು ತಿಳಿಯಬೇಕು; ಇಲ್ಲಿ ಬ್ರೇಕಿಗೂ ಅದಕ್ಕೂ ಸಂಬಂಧವಿರಲಿಲ್ಲ. ಆಕ್ಸಿಲರೇಟರ್ ಒತ್ತಿದಾಗ ಹೆಚ್ಚಿ, ಬಿಟ್ಟಾಗ ಕಡಿಮೆಯಾಗುವಂಥದಾದರೆ ಮುಂದಿನ ಆಕ್ಸಲ್ಲಿನ ಒಳಗಿನ ಜಾಯಿಂಟನ್ನು ಶಂಕಿಸಬೇಕು, ಅದೂ ಅಲ್ಲ. ನಡುಕವು ರಸ್ತೆಯ ವೇಗಕ್ಕೆ ಮಾತ್ರ ಓಗೊಡುತ್ತಿತ್ತು. ಆಸನದಲ್ಲಲ್ಲ, ಸ್ಟಿಯರಿಂಗಿನಲ್ಲಿ ಕಾಣುತ್ತಿತ್ತು. ಆದುದರಿಂದ ಮುಂದಿನ ಚಕ್ರಗಳು.

ಚಕ್ರವನ್ನು ಬಿಚ್ಚಿ ಒಳಮೈಯನ್ನು ತೋರಿಸಿದಾಗ ವರ್ತಕರಿಗೆ ಮೊದಲನೆಯ ಪೆಟ್ಟು ಬಿತ್ತು. ಎಡಗಡೆಯ ಚಕ್ರದ ರಿಮ್ಮಿನ ಒಳಗೆ ಒಂದು ಅಂಗೈಯಗಲದ ಕೆಸರು ಇಟ್ಟಿಗೆಯಂತೆ ಒಣಗಿ ಅಂಟಿತ್ತು. 2021ರ ನವೆಂಬರಿನ ಅಕಾಲದ ಮಳೆಯನ್ನು ಕರ್ನಾಟಕದ ರೈತರು ಮರೆತಿರಲಾರರು. ಕೊಯ್ಲಿಗೆ ಬಂದ ಭತ್ತ ಎಷ್ಟು ಹಾಳಾಗಿದೆಯೆಂದು ನೋಡಲು ವರ್ತಕರು ಆ ದಿನಗಳಲ್ಲಿ ಇದೇ ಕಾರಿನಲ್ಲಿ ನಾಲೆಯ ಏರಿಗಳ ಮೇಲೆ ಓಡಾಡಿದ್ದರು. ಕೆಸರು ನರಸೀಪುರದ್ದಲ್ಲ, ಅವರದೇ.

ಇಷ್ಟು ಕೆಸರಿಗೆ ಇಡೀ ಕಾರು ನಡುಗುವುದೇ ಎಂದು ಕೇಳುವವರಿಗೆ ಲೆಕ್ಕ ಸುಲಭವಾಗಿದೆ. 14 ಅಂಗುಲದ ರಿಮ್ಮಿನ ಅಂಚಿನಲ್ಲಿ 20 ಗ್ರಾಂ ತೂಕ ಹೆಚ್ಚಾದರೆ, 90 ಕಿಲೋಮೀಟರ್ ವೇಗದಲ್ಲಿ ಅದು ಎರಡು ಕಿಲೋಗ್ರಾಂಗೂ ಮೀರಿದ ಭಾರದಷ್ಟು ಬಲದಿಂದ ಚಕ್ರವನ್ನು ಹೊರಕ್ಕೆ ಸೆಳೆಯುತ್ತದೆ. ಸೆಕೆಂಡಿಗೆ ಸುಮಾರು 13 ಸಲ ಸೆಳೆಯುವ ದಿಕ್ಕು ಒಂದು ಸುತ್ತು ತಿರುಗುತ್ತದೆ. ಬಲವು ವೇಗದ ವರ್ಗದಂತೆ ಏರುವುದರಿಂದ 45ರಲ್ಲಿ ಅದು ನಾಲ್ಕನೆಯ ಒಂದು ಪಾಲು ಮಾತ್ರ. ಊರೊಳಗೆ ಕಾಣದಿರುವುದು ಅದಕ್ಕೇ. ಟೈರು ಮತ್ತು ಸ್ಪ್ರಿಂಗುಗಳ ನಡುವೆ ತೂಗಿರುವ ಚಕ್ರಕ್ಕೂ ತನ್ನದೇ ಒಂದು ಸಹಜ ಕಂಪನವುಂಟು, ಸೆಕೆಂಡಿಗೆ ಹತ್ತರಿಂದ ಹದಿನೈದು ಸಲದಷ್ಟು. ಎರಡೂ ಒಂದುಗೂಡಿದ ವೇಗದಲ್ಲಿ ನಡುಕವು ಉಬ್ಬಿ, ಅದನ್ನು ದಾಟಿದರೆ ತಗ್ಗುತ್ತದೆ. ತಕ್ಕಡಿಯಲ್ಲಿ 20 ಗ್ರಾಮಿನ ಬೆಲೆಯನ್ನು ಬಲ್ಲ ವರ್ತಕರಿಗೆ ಇದು ಬೇಗ ಅರ್ಥವಾಯಿತು.

ಕೆಸರನ್ನು ಕೆರೆದು, ಮೈಸೂರಿನಲ್ಲಿ ಯಂತ್ರದ ಮೇಲೆ ನಾಲ್ಕು ಚಕ್ರಗಳ ಸಮತೂಕ ಮಾಡಿಸಲಾಯಿತು. ನಡುಕವು ಅರ್ಧಕ್ಕಿಂತ ಹೆಚ್ಚು ಹೋಯಿತು, ಪೂರ್ತಿ ಹೋಗಲಿಲ್ಲ. ಉಳಿದುದಾದರೂ ಮಾರಿದವರ ಪಾಲಿನದೆಂದು ವರ್ತಕರು ಒಳಗೊಳಗೇ ಸಮಾಧಾನಪಟ್ಟುಕೊಂಡರಂತೆ. ಮನುಷ್ಯಸ್ವಭಾವ!

ಮೆಕ್ಯಾನಿಕ್ ಎಡಗಡೆಯ ಮುಂದಿನ ಚಕ್ರವನ್ನು ಹಿಂದಕ್ಕೂ ಹಿಂದಿನದನ್ನು ಮುಂದಕ್ಕೂ ಹಾಕಿದರು. ಈ ಸಲ ಸ್ಟಿಯರಿಂಗ್ ಸುಮ್ಮನಿತ್ತು, ಹಿಂದಿನ ಆಸನ ಅದುರಿತು. ದೋಷವು ಚಕ್ರದೊಡನೆ ಪ್ರಯಾಣ ಮಾಡಿತ್ತು. ಕಾರನ್ನು ಜಾಕಿಯ ಮೇಲೆ ಎತ್ತಿ, ಟೈರಿನ ಮುಂದೆ ಒಂದು ಕೋಲನ್ನು ಅಲುಗದಂತೆ ಹಿಡಿದು ಚಕ್ರವನ್ನು ಕೈಯಿಂದ ನಿಧಾನವಾಗಿ ತಿರುಗಿಸಿದಾಗ, ಸುತ್ತಿಗೊಮ್ಮೆ ಒಂದೇ ಜಾಗದಲ್ಲಿ ರಬ್ಬರು ಕೋಲನ್ನು ತಾಕಿತು. ಒಳಗಿನ ಉಕ್ಕಿನ ಎಳೆಗಳ ಪಟ್ಟಿಯು ರಬ್ಬರಿನಿಂದ ಬಿಟ್ಟುಕೊಂಡು ಅಲ್ಲಿ ಉಬ್ಬಿತ್ತು. ಸಮತೂಕದ ಯಂತ್ರವು ತೂಕವನ್ನು ಅಳೆಯುತ್ತದೆಯೇ ಹೊರತು ದುಂಡಗಿದೆಯೇ ಎಂದು ನೋಡುವುದಿಲ್ಲ. ಸೊಟ್ಟಗಿರುವ ಚಕ್ರವೂ ಅದರ ಮೇಲೆ ಸೊನ್ನೆ ತೋರಿಸಬಲ್ಲದು. ಇಂಥ ಟೈರು ವೇಗದಲ್ಲಿ ಸಿಡಿಯಲೂಬಹುದೆಂದು ಮೆಕ್ಯಾನಿಕ್ ಹೇಳಿದಾಗ, ಬೆಳಗೊಳದ ದಾರಿಯಲ್ಲಿ ಹಿಂದೆ ಕುಳಿತಿದ್ದ ಮೊಮ್ಮಕ್ಕಳು ವರ್ತಕರ ಕಣ್ಣ ಮುಂದೆ ಬಂದರು. ಟೈರಿನ ಪಕ್ಕದಲ್ಲಿ 3114 ಎಂದು ಅಚ್ಚಾಗಿತ್ತು. 2014ನೆಯ ಇಸವಿಯ 31ನೆಯ ವಾರದ ತಯಾರಿಕೆ. ಏಳು ವರ್ಷ ಮೀರಿತ್ತು.

"ಟೈರಿನ ವಿಷಯ ಮಾರಿದವರು ಹೇಳಲಿಲ್ಲವೇ?" ಎಂದು ಮೆಕ್ಯಾನಿಕ್ ಕೇಳಿದರು. "ಇಲ್ಲ" ಎಂದರು ವರ್ತಕರು. ಸುಳ್ಳು ಹೇಳುವ ಉದ್ದೇಶವಿರಲಿಲ್ಲ. ಹಾಗೆಂದೇ ಅವರು ನಂಬಿದ್ದರು.

ಆ ರಾತ್ರಿ ಕಾರಿನ ಬೆಲೆಯನ್ನು ನೋಡಲೆಂದು ಅವರು ಹಿಂದಿನ ವರ್ಷದ ಖಾತೆಪುಸ್ತಕವನ್ನು ತೆಗೆದರು. ಅಕ್ಟೋಬರಿನ ಪುಟದಲ್ಲಿ, ಕಾರಿನ ಬೆಲೆಯ ಕೆಳಗೆ, ಅವರದೇ ಗುಂಡು ಅಕ್ಷರಗಳಲ್ಲಿ ಬರೆದಿತ್ತು: ಟೈರು ಹಳೆಯವು, ಬದಲಿಸುವ ಬಾಬ್ತು ಕಡಿತ, ರೂ. 12,000. ಹೇಳಿದ್ದರು. ಹೇಳಿದ್ದಷ್ಟೇ ಅಲ್ಲ, ಹಣವನ್ನೂ ಬಿಟ್ಟುಕೊಟ್ಟಿದ್ದರು. ಹಣವನ್ನು ಉಳಿಸಿಕೊಂಡು ಟೈರನ್ನು ಬದಲಿಸದೆ, ಉಳಿಸಿದ್ದನ್ನು ಮರೆತವರು ತಾವು.

ಇಲ್ಲದ ದೋಷವನ್ನು ಒಬ್ಬರ ಮೇಲೆ ಹೊರಿಸುವ ಮಾತಿಗೆ ನಮ್ಮ ಶಾಸ್ತ್ರಕಾರರು ಅಭ್ಯಾಖ್ಯಾನವೆಂದು ಪ್ರತ್ಯೇಕ ಹೆಸರನ್ನೇ ಇಟ್ಟಿದ್ದಾರೆ. ಕೋಪದಲ್ಲಿ ಆಡಿದ ಬೈಗುಳಕ್ಕಿಂತ ಅದು ಭಿನ್ನ; ಆಡುವವನಿಗೆ ತಾನು ಸತ್ಯವನ್ನೇ ಹೇಳುತ್ತಿದ್ದೇನೆಂಬ ಭಾವನೆಯಿರುವುದು ಸಾಧ್ಯ.

ಮಾರನೆಯ ದಿನ ಎರಡು ಹೊಸ ಟೈರುಗಳನ್ನು ಹಾಕಿಸಿ ಮುಂದಿನ ಚಕ್ರಗಳಿಗೆ ಕೊಡಬಹುದಿತ್ತು. ಅವರು ನಾಲ್ಕನ್ನೂ ಬದಲಿಸಿದರು. ಅದೇ ಕಾರಿನಲ್ಲಿ, ಯಾವ ವೇಗದಲ್ಲೂ ನಡುಗದ ಕಾರಿನಲ್ಲಿ, ಅವರು ವರುಣದ ಮೇಲೆ ಹಾದು ನರಸೀಪುರಕ್ಕೆ ಹೋದರು. ಗೊಬ್ಬರದ ವ್ಯಾಪಾರಿ ಎದ್ದು ಬರಮಾಡಿಕೊಂಡರು, ಆದರೆ ಮೊದಲಿನಂತೆ ಒಳಗೆ ಕರೆಯಲಿಲ್ಲ. ಮದುವೆಮನೆಯ ಮಾತು ಎರಡೇ ವಾರಗಳಲ್ಲಿ ಅಲ್ಲಿಗೆ ಬಂದಿತ್ತು. ಅವರದೊಂದು ಸಾಮಾನಿನ ಟೆಂಪೋಗೆ ಮೂಗೂರಿನ ಕಡೆಯ ಒಬ್ಬರು ಮುಂಗಡ ಕೊಡುವವರಿದ್ದರು. ಆ ನಗೆಮಾತನ್ನು ಕೇಳಿ ಹಿಂದೆ ಸರಿದರು. ಕೊನೆಗೆ ಗಾಡಿಯು 35,000 ರೂಪಾಯಿ ಕಡಿಮೆಗೆ ಬೇರೆಯವರ ಪಾಲಾಯಿತು.

ವರ್ತಕರು ಖಾತೆಯ ಪುಟವನ್ನು ತೋರಿಸಿ, ನಡೆದುದನ್ನೆಲ್ಲ ಹೇಳಿ, ಕ್ಷಮೆ ಬೇಡಿದರು. ಮುಂದಿನ ವಾರ 35,000 ರೂಪಾಯಿಗಳನ್ನು ತಂದು ಮೇಜಿನ ಮೇಲಿಟ್ಟರು. ಬೇಡವೆಂದು ದೂಡುವರೆಂದು ಅವರ ಮನಸ್ಸಿನ ಒಂದು ಮೂಲೆಯಲ್ಲಿ ನಿರೀಕ್ಷೆಯಿತ್ತು. ಆತ ನೋಟುಗಳನ್ನು ಎರಡು ಸಲ ಎಣಿಸಿದರು, ಪೆಟ್ಟಿಗೆಯಲ್ಲಿಟ್ಟರು, ರಶೀದಿ ಬರೆದುಕೊಟ್ಟರು. ಅನಂತರ ಕಾಫಿ ತರಿಸಿದರು.

ಮದುವೆಮನೆಯಲ್ಲಿ ಆ ದಿನ ಸುತ್ತ ಕುಳಿತಿದ್ದ ಹನ್ನೊಂದು ಜನರ ಹೆಸರುಗಳನ್ನು ವರ್ತಕರು ರಶೀದಿಯ ಹಿಂಬದಿಯಲ್ಲಿ ಬರೆದಿಟ್ಟುಕೊಂಡರು. ಕೆಲವರ ಮನೆಗೆ ಹೋದರು, ಕೆಲವರಿಗೆ ದೂರವಾಣಿಯಲ್ಲಿ ತಿಳಿಸಿದರು. ಒಬ್ಬರು ಅಷ್ಟರಲ್ಲಿ ತೀರಿಕೊಂಡಿದ್ದರು. ಇನ್ನೊಬ್ಬರು ಎಲ್ಲವನ್ನೂ ತಾಳ್ಮೆಯಿಂದ ಕೇಳಿ, ನಡುವೆ ಒಮ್ಮೆ ಆ ಹಳೆಯ ಮಾತನ್ನು ನೆನೆದು ಮತ್ತೆ ನಕ್ಕು, ತಾವು ಅದನ್ನು ಯಾರು ಯಾರಿಗೆ ಹೇಳಿದ್ದೆವೆಂದು ನೆನಪಿಲ್ಲವೆಂದರು.