ಪೆಟ್ಟಿಗೆಯ ಮರೆವು

ಮಂಡ್ಯದ ಸೀಮೆಯಲ್ಲಿ ಸುಗ್ಗಿ ಮುಗಿದು ಕಣಗಳು ಬರಿದಾದವೆಂದರೆ ಕುರುಕ್ಷೇತ್ರಕ್ಕೆ ಕಾಲ ಕೂಡಿಬಂದಿತೆಂದೇ ಅರ್ಥ. ವ್ಯಾಸರ ಲೆಕ್ಕದಲ್ಲಿ ಆ ಯುದ್ಧ ಒಮ್ಮೆ ಮಾತ್ರ ನಡೆದು ಹದಿನೆಂಟು ದಿನಗಳಲ್ಲಿ ಮುಗಿಯಿತು. ಕೃಷ್ಣರಾಜಪೇಟೆ, ಪಾಂಡವಪುರ, ನಾಗಮಂಗಲಗಳ ಹಳ್ಳಿಗಳಲ್ಲಿ ಅದು ವರ್ಷವರ್ಷವೂ ನಡೆಯುತ್ತದೆ; ಪ್ರತಿಸಲವೂ ಒಂದೇ ರಾತ್ರಿಯಲ್ಲಿ ಮುಗಿಯುತ್ತದೆ. ಹಗಲೆಲ್ಲ ಕಬ್ಬಿನ ಗದ್ದೆಗೆ ನೀರು ಕಟ್ಟಿದವನು, ಪಾತ್ರಕ್ಕೆ ಕೈಯಿಂದ ಹಣ ತೆತ್ತು, ರಾತ್ರಿ ದುರ್ಯೋಧನನಾಗಿ ಕಿರೀಟ ಧರಿಸುತ್ತಾನೆ. ಹಾರ್ಮೋನಿಯಂ ಮೇಷ್ಟರಿಗೆ ಸಿಗುವ ಗೌರವ ಸಾಕ್ಷಾತ್ ಶ್ರೀಕೃಷ್ಣನಿಗೂ ಸಿಗುವುದಿಲ್ಲ. ಆದರೆ ರಂಗದ ಮಗ್ಗುಲಲ್ಲಿ, ಪೆಟ್ಟಿಗೆಯೊಂದರ ಮುಂದೆ ಬಗ್ಗಿ ಕುಳಿತಿರುವ ಲೈಟಿನವನನ್ನು ತಿರುಗಿ ನೋಡುವವರು ಯಾರೂ ಇಲ್ಲ. ಅವನ ಕಡೆಗೆ ಜನ ತಿರುಗುವುದು ದೀಪ ಆರಿದಾಗ ಮಾತ್ರ. ಆಗಿನ ನೋಟವನ್ನು ಯಾರೂ ಬಯಸುವುದಿಲ್ಲ.

ಬೆಳಕು ಈ ರಂಗಕ್ಕೆ ಬಂದದ್ದು ನಿಧಾನವಾಗಿ. ಪಂಜಿನ ಕಾಲ ಹೋಗಿ ಗ್ಯಾಸ್ ಲೈಟಿನ ಕಾಲ ಬಂದಿತು. ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೂ 1905ರಲ್ಲಿ ಬೆಂಗಳೂರಿಗೂ ಹರಿದುಹೋಯಿತು. ಪಕ್ಕದ ಹಳ್ಳಿಗಳು ಮಾತ್ರ ಬಹುಕಾಲ ಸೀಮೆಎಣ್ಣೆಯಲ್ಲೇ ಕಾದು ಕುಳಿತವು. ಹೊಳೆಯ ದಡದವನಿಗೇ ನೀರಿಲ್ಲವೆಂಬ ಮಾತು ಸುಮ್ಮನೆ ಹುಟ್ಟಿದ್ದಲ್ಲ.

ಹೊಸಹೊಳಲಿನ ಲೈಟಿನ ಮಾಸ್ತರರು ಗ್ಯಾಸ್ ಲೈಟಿನ ಕೊನೆಯ ದಿನಗಳನ್ನು ಹುಡುಗರಾಗಿ ಕಂಡವರು. ಅವರ ಊರಿನ ಲಕ್ಷ್ಮೀನಾರಾಯಣ ದೇವಾಲಯದ ಹೊರಗೋಡೆಯ ಮೇಲೆ ಹದಿಮೂರನೆಯ ಶತಮಾನದ ಹೊಯ್ಸಳ ಶಿಲ್ಪಿಗಳು ಮಹಾಭಾರತವನ್ನೂ ರಾಮಾಯಣವನ್ನೂ ಸಾಲುಸಾಲಾಗಿ ಕೆತ್ತಿಟ್ಟಿದ್ದಾರೆ. ಅಲ್ಲಿಯ ಭೀಮನಿಗೆ ಬೆಳಕು ಕೊಡುವ ಕೆಲಸವನ್ನು ಸೂರ್ಯನೊಬ್ಬನೇ ನೋಡಿಕೊಳ್ಳುತ್ತಾನೆ. ರಂಗದ ಮೇಲಿನ ಭೀಮನದು ಮಾಸ್ತರರ ಪಾಲು.

ಅವರ ಬಳಿ ಇರುವುದು ಪಟ್ಟಣದ ಸಭಾಂಗಣವೊಂದು ಬೇಡವೆಂದು ಮಾರಿದ ಇಪ್ಪತ್ತನಾಲ್ಕು ದೀಪಸಾಲುಗಳ ಹಳೆಯ ಕನ್ಸೋಲು. ಇಂತಹ ಯಂತ್ರದ ಮಹಿಮೆ ಅದರ ನೆನಪಿನಲ್ಲಿದೆ. ಹಿಂದೆ ಪ್ರತಿಯೊಂದು ದೀಪದ ಹಿಡಿಯನ್ನೂ ಕೈಯಿಂದಲೇ ಏರಿಸಿ ಇಳಿಸಬೇಕಾಗಿತ್ತು. 1975ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ 'ಎ ಕೋರಸ್ ಲೈನ್' ಎಂಬ ಸಂಗೀತ ನಾಟಕಕ್ಕೆ ತಾರನ್ ಮಸ್ಸರ್ ಎಂಬ ಮಹಿಳೆ ಗಣಕದ ನೆನಪಿರುವ ಕನ್ಸೋಲಿನಿಂದ ಬೆಳಕನ್ನು ನಡೆಸಿದರು. ಅಲ್ಲಿಂದೀಚೆಗೆ ಒಂದು ದೃಶ್ಯದ ಬೆಳಕನ್ನೆಲ್ಲ ಒಂದು ಅಂಕೆಯಲ್ಲಿ ಅಡಗಿಸಿಟ್ಟು, ಒಂದೇ ಗುಂಡಿ ಒತ್ತಿ ಕರೆಯುವ ಸೌಕರ್ಯ ಲೋಕದಲ್ಲೆಲ್ಲ ಹಬ್ಬಿತು. ಆದರೆ ಹಳೆಯ ಪೆಟ್ಟಿಗೆಗಳ ಈ ನೆನಪು ವಿದ್ಯುತ್ತು ಇರುವ ತನಕ ಮಾತ್ರ ನಿಲ್ಲುವಂಥದು. ಸ್ವಿಚ್ಚು ಆರಿಸಿದ ಮೇಲೂ ಅದು ಅಳಿಯದಂತೆ ಒಳಗೊಂದು ಪುಟ್ಟ ಬ್ಯಾಟರಿ ಕಾವಲಿರುತ್ತದೆ. ಯಂತ್ರ ನಡೆಯುವಾಗ ಅದು ತುಂಬಿಕೊಳ್ಳುತ್ತದೆ, ಮಲಗಿದಾಗ ತೊಟ್ಟುತೊಟ್ಟಾಗಿ ಬಸಿಯುತ್ತದೆ. ಮಳೆಗಾಲವೆಲ್ಲ ಅಟ್ಟದ ಮೇಲೆ ಮಲಗುವ ಪೆಟ್ಟಿಗೆಯಲ್ಲಿ ಅದರ ಆಯುಷ್ಯ ಬೇಗ ಸವೆಯುವುದು ಸಹಜ.

ಎರಡು ವರ್ಷಗಳಿಂದಲೂ ಪೆಟ್ಟಿಗೆಯ ಕಿರುಪರದೆಯ ಮೇಲೆ ಬ್ಯಾಟರಿ ಸೋತಿದೆಯೆಂಬ ಇಂಗ್ಲಿಷ್ ಅಕ್ಷರಗಳು ಮೂಡಿ ಮರೆಯಾಗುತ್ತಿದ್ದವು. ಮಾಸ್ತರರು ಆ ಎಚ್ಚರಿಕೆಯನ್ನು ಉಪೇಕ್ಷಿಸಿದವರಲ್ಲ. ಪ್ರತಿಸಲವೂ ಎದ್ದುಹೋಗಿ ಜನರೇಟರಿನ ಬ್ಯಾಟರಿಗೆ ಶ್ರದ್ಧೆಯಿಂದ ಡಿಸ್ಟಿಲ್ಡ್ ವಾಟರ್ ತುಂಬಿಸಿ ಬರುತ್ತಿದ್ದರು. ಡಿಪ್ಲೊಮಾ ಮುಗಿಸಿ ಊರಿಗೆ ಬಂದಿದ್ದ ಅಕ್ಕನ ಮಗ ಒಂದು ಸಂಜೆ ಇದನ್ನು ಕಂಡು ತಲೆ ಚಚ್ಚಿಕೊಂಡನು.

"ಮಾವ, ಅದು ಹೇಳ್ತಿರೋದು ಜನರೇಟ್ರು ಬ್ಯಾಟ್ರಿ ಅಲ್ಲ. ಪೆಟ್ಗೆ ಒಳಗೇ ಒಂದದೆ."

"ಕರೆಂಟಲ್ಲಿ ಓಡೋ ಪೆಟ್ಗೆಗೆ ಒಳಗೆ ಬ್ಯಾಟ್ರಿ ಯಾಕ್ಲಾ?"

"ಮರೀದೆ ಇರಾಕೆ."

ಮಾಸ್ತರರ ಮುಖ ಇಳಿಯಿತು. ನಾಟಕಕ್ಕೆ ಉಳಿದಿದ್ದುದು ಆರೇ ದಿನ. ಪೆಟ್ಟಿಗೆಯೊಳಗೆ ನಲವತ್ತೆಂಟು ದೃಶ್ಯಗಳ ಬೆಳಕಿತ್ತು. ವರ್ಷವರ್ಷವೂ ತಿದ್ದಿ ತೀಡಿ ಕೂಡಿಸಿದ್ದು. ನೆನಪನ್ನು ಫ್ಲಾಪಿಗೆ ಇಳಿಸುವ ಏರ್ಪಾಡು ಯಂತ್ರದಲ್ಲಿತ್ತಾದರೂ ಅದರ ಬಾಯಿಗೆ ಇಟ್ಟ ಫ್ಲಾಪಿಯನ್ನೆಲ್ಲ ಅದು ಓದದೆ ಉಗುಳುತ್ತಿತ್ತು. ಹಳೆಯ ಬ್ಯಾಟರಿಯನ್ನು ಕಿತ್ತ ಕ್ಷಣವೇ ಎಲ್ಲವೂ ಅಳಿಯುತ್ತದೆ. ಯಂತ್ರ ನಡೆಯುತ್ತಿರುವಾಗಲೇ ಬದಲಾಯಿಸುವವರೂ ಇದ್ದಾರೆ. ಆದರೆ ತೆರೆದ ಪೆಟ್ಟಿಗೆಯಲ್ಲಿ 230 ವೋಲ್ಟುಗಳ ಪಕ್ಕ ಬೆಸುಗೆಯ ಕೋಲನ್ನಾಡಿಸುವುದು ಜಾಣತನವಲ್ಲ. ಉಳಿದ ದಾರಿ ಒಂದೇ, ಕೈಬರಹ.

ಅಂದು ರಾತ್ರಿ ಊಟವಾದ ಮೇಲೆ ಸೋದರಳಿಯ ಪರದೆಯ ಅಂಕೆಗಳನ್ನು ಓದಿದನು, ಸೋದರಮಾವ ಕಬ್ಬಿನ ಲೆಕ್ಕದ ಪುಸ್ತಕದಲ್ಲಿ ಬರೆದುಕೊಂಡರು. ನಲವತ್ತೆಂಟು ದೃಶ್ಯ, ದೃಶ್ಯಕ್ಕೆ ಇಪ್ಪತ್ತನಾಲ್ಕು ಅಂಕೆ; ಒಟ್ಟು 1,152. ದ್ಯೂತಸಭೆ ಮುಗಿಯುವ ಹೊತ್ತಿಗೆ ಹನ್ನೊಂದು ಗಂಟೆ. ಕೃಷ್ಣಸಂಧಾನ ಮುಗಿಯುವ ಹೊತ್ತಿಗೆ ಒಳಗಿನಿಂದ ಮನೆಯಾಕೆ ಎರಡನೆಯ ಸಲ ಕಾಫಿ ತಂದಿಟ್ಟು, ಈ ಯುದ್ಧ ಎಂದಿಗೆ ಮುಗಿಯುವುದೆಂದು ಕೇಳಿ ಹೋದರು. ನಲವತ್ತೊಂದನೆಯ ದೃಶ್ಯ ಕರ್ಣನ ಮರಣ. ಏಳನೆಯ ಸಾಲು, ಎದುರಿನ ಬಿಳಿಯ ದೀಪ, ಮೂವತ್ತು.

"ಇಷ್ಟು ಕಮ್ಮಿನಾ ಮಾವ? ಎಲ್ಲಾ ಕಡೆ ಎಪ್ಪತ್ತು ಅದೆ. ತಪ್ಪಿರಬೇಕು."

"ತಪ್ಪಲ್ಲ. ಮುಂದಿಂದು ಹೇಳು."

ಹಲವು ವರ್ಷ ಆ ಊರಿನ ಕರ್ಣನಾಗಿದ್ದವರು ಮಾಸ್ತರರ ಬಾಲ್ಯದ ಗೆಳೆಯರು. ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ಎದುರು ಬೆಳಕು ಅವರಿಗೆ ಸಹಿಸುತ್ತಿರಲಿಲ್ಲ. ಸಾಯುವಾಗ ಕಣ್ಣು ತೆರೆದೇ ಸಾಯಬೇಕೆಂಬುದು ಅವರ ಹಟ. ಅದಕ್ಕಾಗಿ ಎಪ್ಪತ್ತು ಮೂವತ್ತಕ್ಕೆ ಇಳಿದಿತ್ತು. ಕಳೆದ ಮಳೆಗಾಲದಲ್ಲಿ ಅವರು ತೀರಿಕೊಂಡಿದ್ದರು.

ಬೆಳಿಗ್ಗೆ ಪೆಟ್ಟಿಗೆಯ ವೈರು ಕಿತ್ತು, ಸ್ಕ್ರೂ ಬಿಚ್ಚಿ ನೋಡಿದರೆ, ಹಲಗೆಯ ಮೂಲೆಯಲ್ಲಿ ಬೆಸುಗೆ ಹಾಕಿದ ಹೆಬ್ಬೆರಳ ಗಾತ್ರದ ನಿಕ್ಕಲ್-ಕ್ಯಾಡ್ಮಿಯಂ ಕಟ್ಟು. ಮೂರು ಕೋಶ, ತಲಾ 1.2ರಂತೆ 3.6 ವೋಲ್ಟು ಇರಬೇಕಾದದ್ದು. ಮೀಟರು ತೋರಿಸಿದ್ದು 2.3. ಎರಡಕ್ಕಿಂತ ಕೆಳಗಿಳಿದರೆ ನೆನಪಿನ ಚಿಪ್ಪುಗಳು ಸಾಮಾನ್ಯವಾಗಿ ಕೈಬಿಡುತ್ತವೆ. ಬ್ಯಾಟರಿಯ ತುದಿಯಿಂದ ಒಸರಿದ ಕ್ಷಾರವು ತಾಮ್ರದ ಗೆರೆಗಳ ಮೇಲೆ ಹಸಿರು ಹೂವಿನಂತೆ ಅರಳಿತ್ತು. ಮೊದಲು ಹಳೆಯದನ್ನು ಬಿಡಿಸಿದ್ದಾಯಿತು. ಕ್ಷಾರಕ್ಕೆ ಆಮ್ಲವೇ ಮದ್ದೆಂದು ಹುಡುಗ ಅಡಿಗೆಮನೆಯಿಂದ ನಿಂಬೆಹಣ್ಣು ತರಿಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಆ ಜಾಗವನ್ನು ಉಜ್ಜಿ, ಸ್ಪಿರಿಟ್ಟಿನಿಂದ ಒರೆಸಿ ಒಣಗಲು ಬಿಟ್ಟನು. ಎರಡು ಗೆರೆಗಳು ತಿಂದುಹೋಗಿದ್ದವು. ಅವುಗಳ ಮೇಲೆ ಕೂದಲೆಳೆಯ ತಂತಿ ಬೆಸೆದನು.

ಹೊಸಬರು ಎಡವುವುದು ಇದರ ನಂತರ. ಕೈಗೆ ಸುಲಭವಾಗಿ ಸಿಗುವುದೆಂದು ಗಡಿಯಾರದ ಲಿಥಿಯಂ ಬಿಲ್ಲೆಯನ್ನು ಇಂಥಲ್ಲಿ ಬೆಸೆದುಬಿಡುತ್ತಾರೆ. 2032 ಎಂಬ ಆ ಬಿಲ್ಲೆ ಇಪ್ಪತ್ತು ಮಿಲಿಮೀಟರು ಅಗಲದ, 3.2 ಮಿಲಿಮೀಟರು ದಪ್ಪದ ಸಾಧು ಪ್ರಾಣಿ; ಆದರೆ ಅದು ಮತ್ತೆ ತುಂಬಿಸಿಕೊಳ್ಳುವ ಜಾತಿಯದಲ್ಲ. ತುಂಬಿಸುವ ಯಂತ್ರಕ್ಕೆ ಕಟ್ಟಿದರೆ ಉಬ್ಬಿ ಸಿಡಿಯಬಲ್ಲದು. ಹುಡುಗ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತರಿಸಿದ್ದು ತಂತಿಯಿಲ್ಲದ ಟೆಲಿಫೋನುಗಳಿಗೆ ಹಾಕುವ, ಅಷ್ಟೇ ವೋಲ್ಟಿನ, ಮತ್ತೆ ತುಂಬಿಸಬಲ್ಲ ಕಟ್ಟು. ಅದನ್ನು ಹಲಗೆಗೆ ಅಂಟಿಸದೆ, ಎರಡು ತಂತಿ ಎಳೆದು ಪೆಟ್ಟಿಗೆಯ ಗೋಡೆಗೆ ಕಟ್ಟಿದನು. ಮುಂದೆಂದಾದರೂ ಒಸರಿದರೂ ಹಲಗೆ ಉಳಿಯಲೆಂದು. ಬೆಸುಗೆಯ ಕೆಲಸ ಹತ್ತು ನಿಮಿಷದ್ದು. ಅಂಕೆಗಳನ್ನು ಮರಳಿ ತುಂಬಲು ಎರಡು ರಾತ್ರಿ ಹಿಡಿಯಿತು. ನಲವತ್ತೊಂದಕ್ಕೆ ಬಂದಾಗ ಹುಡುಗ ಏನನ್ನೂ ಕೇಳದೆ ಮೂವತ್ತು ಒತ್ತಿದನು.

ಒಂದಿಡೀ ದಿನ ವೈರು ಕಿತ್ತಿಟ್ಟು ಪರೀಕ್ಷಿಸಿದರು. ಪೆಟ್ಟಿಗೆ ಏನನ್ನೂ ಮರೆತಿರಲಿಲ್ಲ.

ನಾಟಕದ ಸಂಜೆ, ಮುಖಕ್ಕೆ ಅರ್ಧ ಬಣ್ಣ ಬಳಿದುಕೊಂಡಿದ್ದ ಹೊಸ ಕರ್ಣ ಮಾಸ್ತರರ ಬಳಿಗೆ ಬಂದು ತಲೆ ಕೆರೆಯುತ್ತ ನಿಂತನು. "ಅಣ್ಣಯ್ಯ, ಸಾಯೋ ಸೀನಲ್ಲಿ ನನ್ ಮೊಕನೇ ಕಾಣಕಿಲ್ವಂತೆ. ಪ್ರಾಕ್ಟೀಸ್ ನೋಡ್ದೋರೆಲ್ಲ ಅಂದ್ರು. ಒಸಿ ಬೆಳಕು ಜಾಸ್ತಿ ಮಾಡ್ಕೊಡಿ."

ಮಾಸ್ತರರು ಅವನ ಮುಖವನ್ನೊಮ್ಮೆ ನೋಡಿದರು. ಪೆಟ್ಟಿಗೆಯ ಮುಂದೆ ಕುಳಿತು, ಆ ದೃಶ್ಯವನ್ನು ಕರೆದು, ಏಳನೆಯ ಸಾಲನ್ನು ಎಪ್ಪತ್ತಕ್ಕೆ ಏರಿಸಿದರು. ಅದನ್ನು ನಲವತ್ತೊಂಬತ್ತೆಂಬ ಹೊಸ ಅಂಕೆಗೆ ಉಳಿಸಿದರು. ನಲವತ್ತೊಂದನ್ನು ಇದ್ದಂತೆಯೇ ಇರಗೊಟ್ಟು, ಲೆಕ್ಕದ ಪುಸ್ತಕ ತೆರೆದು ಹೊಸ ಸಾಲೊಂದನ್ನು ಬರೆದುಕೊಂಡರು. ಅಷ್ಟರಲ್ಲಿ ಹಾರ್ಮೋನಿಯಂ ಶ್ರುತಿ ಹಿಡಿದಿತ್ತು.