ಬಾ, ಓದಾನ

ಭದ್ರಾ ನಾಲೆಯ ನೀರು ಕುಡಿದು ಬೆಳೆದ ಅಡಿಕೆ ತೋಟಗಳು ನಮ್ಮ ಬಸವಾಪಟ್ಟಣದ ಸುತ್ತ. ಸುಲಿಯುವ ಮೆಷಿನ್ನು ಬರುವ ಮುಂಚೆ, ಕೊಯ್ಲಿನ ದಿನಗಳಲ್ಲಿ ಮೆಟ್ಟುಗತ್ತಿಯ ಮುಂದೆ ಕೂತ ಹೆಂಗಸರು ಏಳುತ್ತಿದ್ದದ್ದು ಸರಿರಾತ್ರಿಗೆ. ಸುಲಿದ ಡಬ್ಬಿಯ ಲೆಕ್ಕದಲ್ಲಿ ಕೂಲಿ. ಹಸಿ ಅಡಿಕೆಯ ಚೊಗರು ಬೆರಳಿಗೆ ಹತ್ತಿದರೆ ಎಷ್ಟು ತೊಳೆದರೂ ಹೋಗದು. ಆ ಕಪ್ಪು ಬೆರಳಿನಲ್ಲೇ ನಮ್ಮವ್ವ ಹತ್ತನೇ ತರಗತಿಯ ಗಣಿತ ಪುಸ್ತಕದ ಹಾಳೆ ತಿರುವಿದಳು.

ಆ ವರ್ಷ ನಾನೂ ಹತ್ತನೇ ತರಗತಿ. ಒಂಬತ್ತಕ್ಕೇ ಶಾಲೆ ಬಿಟ್ಟಿದ್ದ ಅವ್ವ ಖಾಸಗಿಯಾಗಿ ಪರೀಕ್ಷೆ ಕಟ್ಟಿದಳು. ನನಗೆ ಡಿಪ್ಲೊಮಾ ಸೇರುವ ಆಸೆ. ಅವಳದೇನು ಅಂತ ಕೇಳಿದರೆ, "ಅರ್ಧಕ್ಕೆ ಬಿಟ್ಟಿದ್ದು ಮುಗಿಸ್ಬೇಕು ಕಣಪ್ಪ, ಅಷ್ಟೆ" ಅಂದಳು. ಅಲ್ಲಿಯವರೆಗೆ "ಓದೋ" ಎಂದು ಗದರುತ್ತಿದ್ದವಳು ಅಂದಿನಿಂದ "ಬಾ, ಓದಾನ" ಎಂದು ಕರೆಯತೊಡಗಿದಳು.

ಶಂಕುವಿನ ಘನಫಲ ಸಿಲಿಂಡರಿನ ಮೂರನೇ ಒಂದು ಭಾಗ ಏಕೆ ಎಂಬುದು ಇಬ್ಬರ ತಲೆಗೂ ಹತ್ತಲಿಲ್ಲ. ಬಾಯಿಪಾಠ ಮಾಡಿಬಿಡು ಅಂದೆ. ಅವ್ವ ಒಪ್ಪಲಿಲ್ಲ. ಅಡುಗೆಮನೆಯಿಂದ ಒಂದು ಡಬ್ಬಿ ತಂದಳು. ಹಳೇ ಕ್ಯಾಲೆಂಡರಿನ ಹಾಳೆಯನ್ನು ಪೊಟ್ಟಣ ಸುತ್ತಿ, ಬಾಯಿ ಡಬ್ಬಿಯಷ್ಟೇ ಅಗಲ, ಎತ್ತರವೂ ಅಷ್ಟೇ ಇರುವಂತೆ ಕತ್ತರಿಸಿದಳು. ಅಕ್ಕಿ ತುಂಬಿ ಸುರಿದಳು. ಒಂದು, ಎರಡು, ಮೂರನೆಯದಕ್ಕೆ ಡಬ್ಬಿ ತುಂಬಿತು. "ಮೂರು ಪೊಟ್ಣಕ್ಕೆ ಒಂದು ಡಬ್ಬಿ, ಬರ್ಕೋ" ಅಂದಳು. ಆ ಸೂತ್ರವನ್ನು ನಾನು ಇವತ್ತಿಗೂ ಮರೆತಿಲ್ಲ.

ಫಲಿತಾಂಶ ಬಂದಾಗ ನಾನು ಪಾಸು, ಅವ್ವನಿಗೆ ಗಣಿತದಲ್ಲಿ 29. ಬೇಕಿದ್ದದ್ದು 35. ಸಂಜೆ ನನ್ನ ಹೆಸರಿನಲ್ಲಿ ಕೇರಿಗೆಲ್ಲ ಸಕ್ಕರೆ ಹಂಚಿ ಬಂದವಳು ರಾತ್ರಿ ಮತ್ತೆ ಅದೇ ಪುಸ್ತಕ ತೆರೆದಳು. ನನ್ನ ಪರೀಕ್ಷೆ ಮುಗಿದಿತ್ತು. ಆದರೂ ಪಕ್ಕದಲ್ಲಿ ಹೋಗಿ ಕೂತೆ. "ಬಾ, ಓದಾನ" ಎನ್ನುವ ಸರದಿ ಈಗ ನನ್ನದಾಗಿತ್ತು. ಪೂರಕ ಪರೀಕ್ಷೆಯಲ್ಲಿ ಅವ್ವ 38 ತೆಗೆದು ಪಾಸಾದಳು.

ಕೇರಳದ ಕಾರ್ತ್ಯಾಯಿನಿ ಅಮ್ಮ 2018ರಲ್ಲಿ, 96ನೇ ವಯಸ್ಸಿನಲ್ಲಿ, ಸಾಕ್ಷರತಾ ಪರೀಕ್ಷೆ ಬರೆದು 100ಕ್ಕೆ 98 ಅಂಕ ಪಡೆದ ಸುದ್ದಿ ಓದಿದಾಗ ಅವ್ವನ ನೆನಪಾಯಿತು. ಅವರಲ್ಲಿ ಓದುವ ಆಸೆ ಹುಟ್ಟಿಸಿದ್ದು, ಅರವತ್ತರ ವಯಸ್ಸಿಗೆ ಹತ್ತನೇ ತರಗತಿಗೆ ಸಮಾನವಾದ ಪರೀಕ್ಷೆ ಗೆದ್ದ ಮಗಳು. ಛಲ ಹೇಳಿಕೊಟ್ಟರೆ ಬರುವಂಥದ್ದಲ್ಲ. ಪಕ್ಕದಲ್ಲಿ ಕೂತವರಿಂದ ಹತ್ತಿಕೊಳ್ಳುತ್ತದೆ. ಅದು ಅವ್ವನಿಂದ ಮಗನಿಗೂ ಬಂದೀತು, ಮಗಳಿಂದ ಅವ್ವನಿಗೂ ಬಂದೀತು.

ಮಕ್ಕಳನ್ನು ಓದಲು ಕೂರಿಸುವ ಅಪ್ಪ ಅವ್ವಂದಿರೇ, ನೀವು ಅರ್ಧಕ್ಕೆ ಬಿಟ್ಟದ್ದು ಏನಾದರೂ ಇದ್ದರೆ ಅದನ್ನೂ ತಂದು ಅವರ ಪಕ್ಕದಲ್ಲಿ ಕೂತುಕೊಳ್ಳಿ.